ಉದ್ದ ಕೂದಲಿನ ತುದಿ ಸೀಳುತ್ತಿದೆಯಾ? ಮನೆಯಲ್ಲೇ ಮಾಡಿಕೊಳ್ಳುವ ಆರೈಕೆ, ಹಂತ ಹಂತವಾಗಿ

ನಿಮ್ಮ ಜಡೆಯ ತುದಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಿಟಕಿ ಪಕ್ಕ ಕೂತು, ಹಿಂದೆ ಒಂದು ಬಿಳಿ ಹಾಳೆ ಇಟ್ಟುಕೊಂಡು ನೋಡಿ. ಬುಡದಲ್ಲಿ ನುಣುಪಾಗಿ ಮಿನುಗುವ ಕೂದಲು ತುದಿಗೆ ಬರುವಷ್ಟರಲ್ಲಿ ಬಣ್ಣ ಮಾಸಿ, ಒಣಹುಲ್ಲಿನ ಹಾಗೆ ಒರಟಾಗಿರುತ್ತದೆ. ಇನ್ನೂ ಹತ್ತಿರ ತಂದರೆ ಒಂದೇ ಎಳೆ ಎರಡಾಗಿ ಕವಲೊಡೆದಿರುವುದು ಕಾಣುತ್ತದೆ. ಇದನ್ನೇ ನಾವೆಲ್ಲ ಸ್ಪ್ಲಿಟ್ ಎಂಡ್ಸ್ ಅನ್ನುವುದು.

ನಾನು ತುಂಬಾ ವರ್ಷಗಳಿಂದ ಸೊಂಟ ದಾಟುವ ಕೂದಲು ಬಿಟ್ಟಿದ್ದೇನೆ. ಮೊದಮೊದಲು ನನಗೊಂದು ಕೆಟ್ಟ ಅಭ್ಯಾಸವಿತ್ತು. ಓದುತ್ತಾ ಕೂತಾಗ ಕವಲೊಡೆದ ಒಂದು ಎಳೆ ಹುಡುಕಿ, ಎರಡೂ ತುದಿಯನ್ನು ಎರಡು ಕೈಯಲ್ಲಿ ಹಿಡಿದು ಸುಮ್ನೆ ಎಳೆಯುತ್ತಿದ್ದೆ. ಬಾಳೆನಾರು ಸೀಳಿದ ಹಾಗೆ ಸರ್ರನೆ ಮೇಲಕ್ಕೆ ಹೋಗುತ್ತಿತ್ತು. ಅರ್ಧ ಸೆಂಟಿಮೀಟರ್ ಇದ್ದ ಸೀಳು ಕ್ಷಣದಲ್ಲಿ ಐದು ಸೆಂಟಿಮೀಟರ್ ಆಗುತ್ತಿತ್ತು. ಒಂದು ಪಾಲು ಕಿತ್ತು ಕೈಗೆ ಬರುತ್ತಿತ್ತು. ತಲೆಯಲ್ಲಿ ಉಳಿದ ಪಾಲು ಜೇಡರ ಬಲೆಯ ಎಳೆಯಷ್ಟು ತೆಳ್ಳಗಾಗಿ, ಮುಂದಿನ ಸಲ ಬಾಚುವಾಗ ತುಂಡಾಗುತ್ತಿತ್ತು. ಈ ಅಭ್ಯಾಸ ನಿಮಗೂ ಇದ್ದರೆ ಮೊದಲು ಬಿಡಬೇಕಾದದ್ದು ಇದನ್ನೇ.

ತುದಿಗೆ ವಯಸ್ಸೆಷ್ಟು?

ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಆಯಿತು. ನಿಮ್ಮ ಕೂದಲು ಬುಡದಿಂದ ತುದಿಗೆ 75 ಸೆಂಟಿಮೀಟರ್ ಇದ್ದರೆ ಆ ತುದಿಗೆ ಐದಾರು ವರ್ಷ ವಯಸ್ಸು. ವಾರಕ್ಕೆ ಎರಡು ಸಲ ತಲೆಸ್ನಾನ ಅಂತ ಲೆಕ್ಕ ಹಾಕಿದರೂ ಐದು ವರ್ಷಕ್ಕೆ 520 ಸ್ನಾನ. ದಿನಕ್ಕೊಂದು ಸಲ ಬಾಚಿದರೂ 1,800ಕ್ಕಿಂತ ಜಾಸ್ತಿ ಸಲ ಬಾಚಣಿಗೆ ಅದರ ಮೇಲೆ ಓಡಾಡಿದೆ. ನೆತ್ತಿಯ ಹತ್ತಿರ ಇರುವ ಕೂದಲಿಗೆ ಒಂದು ತಿಂಗಳು ವಯಸ್ಸು. ಎರಡನ್ನೂ ಒಂದೇ ಥರ ತಿಕ್ಕಿ ತೊಳೆದು, ಒಂದೇ ಥರ ಬಾಚಿದರೆ ಹೇಗೆ? ಉದ್ದ ಕೂದಲಿನ ಆರೈಕೆಯಲ್ಲಿ ನಾನು ಕಲಿತದ್ದೆಲ್ಲ ಈ ಒಂದು ಮಾತಿನೊಳಗೇ ಇದೆ: ಬುಡವನ್ನು ಬುಡದ ಹಾಗೆ ನೋಡಿ, ತುದಿಯನ್ನು ಹಳೇ ಬಟ್ಟೆಯ ಹಾಗೆ ಮೆತ್ತಗೆ ನೋಡಿ.

ಒಳಗೆ ಏನಾಗುತ್ತದೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಕೂದಲಿನ ಹೊರಭಾಗದಲ್ಲಿ ಮನೆಗೆ ಹೆಂಚು ಹೊದಿಸಿದ ಹಾಗೆ, ಒಂದರ ಮೇಲೊಂದು ತೆಳ್ಳನೆಯ ಪೊರೆಗಳಿರುತ್ತವೆ. ಇದು ಕ್ಯೂಟಿಕಲ್. ಹೆಂಚಿನ ಅಂಚು ತುದಿಯ ಕಡೆಗೆ ಮುಖ ಮಾಡಿರುತ್ತದೆ. ಅದಕ್ಕೇ ಬುಡದಿಂದ ತುದಿಗೆ ಬೆರಳು ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ಸ್ವಲ್ಪ ತಡೆದ ಹಾಗಾಗುತ್ತದೆ. ಒಳಗಡೆ ಕೆರಾಟಿನ್ ಎಂಬ ಪ್ರೋಟೀನಿನ ಉದ್ದುದ್ದ ನಾರುಗಳು ಹಗ್ಗದ ಹಾಗೆ ಒತ್ತಾಗಿ ಕೂತಿರುತ್ತವೆ. ತಿಕ್ಕಾಟ, ಬಿಸಿ, ಬಿಸಿಲು, ಬ್ಲೀಚ್ ಇವೆಲ್ಲ ಹೆಂಚನ್ನು ಒಂದೊಂದಾಗಿ ಕೀಳುತ್ತವೆ. ಹೆಂಚು ಹೋದ ಜಾಗದಲ್ಲಿ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ. ಹಗ್ಗದ ತುದಿಗೆ ಸುತ್ತಿದ ದಾರ ಬಿಚ್ಚಿದರೆ ಎಳೆಗಳು ಬೇರೆಯಾಗುತ್ತವಲ್ಲ, ಹಾಗೆ.

ಚರ್ಮ ಗೀರಿದರೆ ಮಾಯುತ್ತದೆ, ಯಾಕೆಂದರೆ ಅದರಲ್ಲಿ ಜೀವ ಇದೆ. ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವಕೋಶ ಇಲ್ಲ. ಹಾಗಾಗಿ ಸೀಳಿದ ಕೂದಲು ಯಾವ ಎಣ್ಣೆಗೂ, ಯಾವ ಕ್ರೀಮಿಗೂ ಮತ್ತೆ ಕೂಡಿಕೊಳ್ಳುವುದಿಲ್ಲ. ಸೀಳಿದ್ದನ್ನು ಕತ್ತರಿಸಬೇಕು, ಸೀಳದ್ದನ್ನು ಕಾಪಾಡಿಕೊಳ್ಳಬೇಕು.

ಮೊದಲ ಹಂತ: ಏನಾಗಿದೆ ಅಂತ ಗುರುತಿಸಿ

ಕತ್ತರಿ ಹಿಡಿಯುವ ಮುಂಚೆ ಹತ್ತು ನಿಮಿಷ ಕೂದಲನ್ನು ಬರೀ ನೋಡಿ. ತುದಿಯಲ್ಲಿ ಚಿಕ್ಕದಾಗಿ ಎರಡು ಕವಲು ಇದ್ದರೆ ಅದು ಈಗಷ್ಟೇ ಶುರುವಾದ ಸೀಳು, ಕತ್ತರಿಸುವುದು ಸುಲಭ. ಹಕ್ಕಿಯ ಗರಿಯ ಹಾಗೆ ಪಕ್ಕಕ್ಕೆ ಸಣ್ಣ ಸಣ್ಣ ಎಳೆಗಳು ಎದ್ದಿದ್ದರೆ ಆ ಕೂದಲು ತುಂಬಾ ದಿನದಿಂದ ಸವೆದಿದೆ ಎಂದರ್ಥ. ಅಲ್ಲಿ ತುದಿಯೊಂದನ್ನೇ ಕತ್ತರಿಸಿದರೆ ಸಾಲದು, ಕೊನೆಯ ಗರಿಗಿಂತ ಮೇಲಕ್ಕೆ ಹೋಗಬೇಕು. ಕೆಲವು ಎಳೆಗಳು ತುದಿಯಲ್ಲಿ ಚೆನ್ನಾಗಿದ್ದು ನಡುವೆ ಸೂಜಿಯ ಕಣ್ಣಿನ ಹಾಗೆ ಬಾಯಿ ಬಿಟ್ಟಿರುತ್ತವೆ. ಅವನ್ನೂ ಆ ಕಣ್ಣಿನ ಮೇಲಕ್ಕೇ ಕತ್ತರಿಸಬೇಕು.

ಇನ್ನೊಂದು ಇದೆ, ಬಿಳಿ ಚುಕ್ಕೆ. ಎಳೆಯ ಮೇಲೆ ಸಾಸಿವೆಗಿಂತಲೂ ಎಷ್ಟೋ ಸಣ್ಣದಾದ ಬೆಳ್ಳನೆಯ ಗಂಟು. ತುಂಬಾ ಜನ ಇದನ್ನು ಹೊಟ್ಟು ಅಂದುಕೊಂಡು ಉಗುರಿನಲ್ಲಿ ಕೆರೆಯುತ್ತಾರೆ. ಅದು ಹೊಟ್ಟಲ್ಲ. ಅಲ್ಲಿ ಕೂದಲು ಒಳಗೊಳಗೇ ಮುರಿದು, ನಾರು ಎರಡು ಪೊರಕೆಗಳನ್ನು ಎದುರುಬದುರು ಚುಚ್ಚಿದ ಹಾಗೆ ಹರಡಿಕೊಂಡಿರುತ್ತದೆ. ಮೆಲ್ಲಗೆ ಬಾಗಿಸಿದರೂ ಅಲ್ಲೇ ಪಟ್ಟನೆ ತುಂಡಾಗುತ್ತದೆ. ಚುಕ್ಕೆಗಳು ಜಾಸ್ತಿ ಕಂಡರೆ ಬಿಸಿ ಯಂತ್ರ, ಬ್ಲೀಚು ಅಥವಾ ಒರಟಾಗಿ ಬಾಚುವ ಅಭ್ಯಾಸದ ಮೇಲೆ ನಿಮ್ಮ ಮೊದಲ ಅನುಮಾನ ಇರಲಿ.

ತುಂಡಾದ ಕೂದಲಿಗೂ ಉದುರಿದ ಕೂದಲಿಗೂ ವ್ಯತ್ಯಾಸ ಗೊತ್ತಿರಬೇಕು. ಬುಡದಿಂದ ಉದುರಿದ ಎಳೆಯ ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡಿನಂಥದ್ದು ಇರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಉದ್ದ ಕೂದಲಾದರೆ ಅಷ್ಟೇ ಎಳೆಗಳು ಕೈಯಲ್ಲಿ ದೊಡ್ಡ ಉಂಡೆಯಾಗಿ ಕಂಡು ಗಾಬರಿ ಹುಟ್ಟಿಸುತ್ತವೆ. ನೆಲದ ಮೇಲೆ ಬಿದ್ದಿರುವುದು ಗುಂಡು ಇಲ್ಲದ ಗಿಡ್ಡ ತುಂಡುಗಳಾದರೆ ಅದು ಉದುರುವಿಕೆ ಅಲ್ಲ, ಮುರಿಯುವಿಕೆ. ಎಷ್ಟೋ ಜನ "ನನ್ನ ಕೂದಲು ಬೆಳೆಯೋದೇ ಇಲ್ಲ" ಅನ್ನುತ್ತಾರೆ. ಬುಡದಲ್ಲಿ ಅದು ಬೆಳೆಯುತ್ತಲೇ ಇರುತ್ತದೆ, ಅದೇ ವೇಗದಲ್ಲಿ ತುದಿಯಲ್ಲಿ ಮುರಿಯುತ್ತಿರುತ್ತದೆ, ಅಷ್ಟೇ.

ಎರಡನೇ ಹಂತ: ಕತ್ತರಿಸುವುದು

ಕತ್ತರಿಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಕಾಗದ ಕತ್ತರಿಸುವ ಕತ್ತರಿ, ಅಡುಗೆಮನೆಯ ಕತ್ತರಿ ಬೇಡವೇ ಬೇಡ. ಮೊಂಡು ಅಲಗು ಕೂದಲನ್ನು ಕತ್ತರಿಸುವ ಬದಲು ಜಜ್ಜಿ ಹರಿಯುತ್ತದೆ. ಹಾಗೆ ಹರಿದ ತುದಿ ಮತ್ತೆ ಬೇಗ ಸೀಳುತ್ತದೆ. ಕೂದಲಿಗೇ ಅಂತ ಮಾಡಿದ ಚೂಪು ಕತ್ತರಿ ಒಂದು ತಂದಿಡಿ. ಅದರಲ್ಲಿ ಕೂದಲು ಬಿಟ್ಟು ಬೇರೇನನ್ನೂ ಕತ್ತರಿಸಬೇಡಿ, ಒಂದೇ ಒಂದು ಪ್ಲಾಸ್ಟಿಕ್ ಕವರನ್ನೂ ಸಹ. ಕೆಲಸ ಮುಗಿದ ಮೇಲೆ ಒರೆಸಿ, ಬಟ್ಟೆಯಲ್ಲಿ ಸುತ್ತಿಡಿ.

ಕೂದಲು ತೊಳೆದು, ಸಿಕ್ಕು ಬಿಡಿಸಿ, ಪೂರ್ತಿ ಒಣಗಿರಬೇಕು. ಎಣ್ಣೆ ಹಚ್ಚಿದ ಕೂದಲಲ್ಲಿ ಕವಲುಗಳು ಅಂಟಿಕೊಂಡು ಕಾಣುವುದಿಲ್ಲ. ಒದ್ದೆ ಕೂದಲು ಹಿಗ್ಗಿರುತ್ತದೆ. ಒಣಗಿದ ಮೇಲೆ ನೀವು ಅಂದುಕೊಂಡದ್ದಕ್ಕಿಂತ ಗಿಡ್ಡ ಆಗುತ್ತದೆ. ಗುಂಗುರು ಕೂದಲಿನವರಿಗೆ ಈ ವ್ಯತ್ಯಾಸ ತುಂಬಾ ಜಾಸ್ತಿ. ಕತ್ತರಿಸುವುದಕ್ಕೆ ಮೂರು ದಾರಿಗಳಿವೆ.

ಒಂದೊಂದೇ ಹುಡುಕಿ ಕತ್ತರಿಸುವುದು. ಉದ್ದ ಒಂದಿಷ್ಟೂ ಕಳೆದುಕೊಳ್ಳಲು ಇಷ್ಟವಿಲ್ಲದವರಿಗೆ ಇದೇ ಸರಿ, ನನಗೂ ಇದೇ ಇಷ್ಟ.

1. ಹಗಲು ಬೆಳಕಲ್ಲಿ ಕೂತುಕೊಳ್ಳಿ. ಕೂದಲು ಕಪ್ಪಾಗಿದ್ದರೆ ತೊಡೆಯ ಮೇಲೆ ಬಿಳಿ ಬಟ್ಟೆ, ಹೊಂಬಣ್ಣ ಅಥವಾ ನರೆತ ಕೂದಲಾದರೆ ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ.
2. ಕೂದಲನ್ನು ಎಡ, ಬಲ ಎರಡು ಭಾಗ ಮಾಡಿ ಮುಂದಕ್ಕೆ ತನ್ನಿ. ಒಂದು ಭಾಗಕ್ಕೆ ಕ್ಲಿಪ್ ಹಾಕಿ ಪಕ್ಕಕ್ಕಿಡಿ.
3. ಪೆನ್ಸಿಲ್‌ನಷ್ಟು ದಪ್ಪದ ಒಂದು ಕುಚ್ಚು ತೆಗೆದುಕೊಳ್ಳಿ. ತುದಿಯನ್ನು ತೋರುಬೆರಳಿನ ಮೇಲೆ ಬಾಗಿಸಿ. ಬಾಗಿದಾಗ ಕವಲುಗಳು ತಾವಾಗಿಯೇ ಎದ್ದು ನಿಲ್ಲುತ್ತವೆ.
4. ಕಂಡ ಕವಲಿನ ಬುಡ ಎಲ್ಲಿದೆ ನೋಡಿ, ಅದಕ್ಕಿಂತ ಅರ್ಧ ಸೆಂಟಿಮೀಟರ್‌ಗೂ ಸ್ವಲ್ಪ ಮೇಲೆ ಕತ್ತರಿಸಿ. ಸೀಳು ಕಣ್ಣಿಗೆ ಕಾಣುವ ಜಾಗಕ್ಕಿಂತ ಮೇಲೂ ಕೂದಲು ದುರ್ಬಲವಾಗಿರುತ್ತದೆ.
5. ಕತ್ತರಿ ಎಳೆಗೆ ನೇರ ಅಡ್ಡವಾಗಿರಲಿ. ಓರೆಯಾಗಿ ಕತ್ತರಿಸಿದರೆ ತುದಿ ಚೂಪಾಗಿ, ತೆಳುವಾಗಿ ಉಳಿಯುತ್ತದೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹುಮ್ಮಸ್ಸು ಬೇಡ. ಇಪ್ಪತ್ತು ನಿಮಿಷ ಆದ ಮೇಲೆ ಕಣ್ಣು ಸೋಲುತ್ತದೆ. ಸೋತ ಕಣ್ಣಲ್ಲಿ ಚೆನ್ನಾಗಿರುವ ಎಳೆಗೂ ಕತ್ತರಿ ಬೀಳುತ್ತದೆ. ಇವತ್ತು ಎಡಭಾಗ, ವಾರ ಬಿಟ್ಟು ಬಲಭಾಗ, ಹೀಗೆ ಮಾಡಿ.

ಹುರಿ ಮಾಡಿ ಕತ್ತರಿಸುವುದು. ನಡುವೆ ಮುರಿದ ಕೂದಲು, ಜಡೆಯ ಮೈಯಿಂದ ಮುಳ್ಳಿನ ಹಾಗೆ ಎದ್ದ ಕೂದಲು ಜಾಸ್ತಿ ಇದ್ದರೆ ಇದು ಬೇಗ ಆಗುತ್ತದೆ. ಬೆರಳಿನಷ್ಟು ದಪ್ಪದ ಕುಚ್ಚು ಹಿಡಿದು, ಹಗ್ಗ ಹೊಸೆದ ಹಾಗೆ ತುದಿಯವರೆಗೂ ಬಿಗಿಯಾಗಿ ಹುರಿ ಮಾಡಿ. ಎರಡೂ ಕೈ ಸಾಲದಿದ್ದರೆ ತುದಿಯನ್ನು ಮಂಡಿಯ ನಡುವೆ ಹಿಡಿಯಬಹುದು. ಈಗ ಹುರಿಯ ಮೈಯಿಂದ ಸಣ್ಣ ಸಣ್ಣ ಎಳೆಗಳು ಆಚೆ ಚಾಚಿರುತ್ತವೆ. ಅವುಗಳಲ್ಲಿ ಕವಲೊಡೆದ ತುದಿಗಳನ್ನು ಮಾತ್ರ ಕತ್ತರಿಸಿ.

"ಮಾತ್ರ" ಅಂದದ್ದಕ್ಕೆ ಕಾರಣ ಇದೆ. ಚಾಚಿದ ಎಳೆಗಳೆಲ್ಲ ಕೆಟ್ಟವಲ್ಲ. ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಕೂದಲೂ ಹೀಗೆಯೇ ಆಚೆ ಬರುತ್ತದೆ. ಅದರ ತುದಿ ಸೂಜಿಯ ಹಾಗೆ ಕ್ರಮೇಣ ಸಪೂರವಾಗಿ, ನುಣುಪಾಗಿರುತ್ತದೆ. ಮುರಿದದ್ದರ ತುದಿ ಮೊಂಡಾಗಿ ಅಥವಾ ಕವಲಾಗಿರುತ್ತದೆ. ಒಂದು ನಿಮಿಷ ನಿಧಾನಿಸಿ ನೋಡಿದರೆ ಗೊತ್ತಾಗುತ್ತದೆ. ಇದನ್ನು ನೋಡದೆ ಹುರಿಯ ಉದ್ದಕ್ಕೂ ಕತ್ತರಿ ಓಡಿಸಿದರೆ, ಮುಂದಿನ ವರ್ಷ ಜಡೆಗೆ ದಪ್ಪ ಕೊಡಬೇಕಾದ ಕೂದಲನ್ನೇ ನೀವು ಕತ್ತರಿಸಿ ಹಾಕಿದ ಹಾಗೆ.

ತುದಿಯನ್ನು ಸಮ ಮಾಡುವುದು. ಎರಡು ಮೂರು ತಿಂಗಳಿಗೊಮ್ಮೆ 1 ಸೆಂಟಿಮೀಟರ್‌ನಷ್ಟು ತೆಗೆಯಲು ಇದು ಸಾಕು. ನಡುವೆ ಬೈತಲೆ ತೆಗೆದು ಹಿಂದೆ ಕುತ್ತಿಗೆಯವರೆಗೂ ಎರಡು ಪಾಲು ಮಾಡಿ, ಎರಡನ್ನೂ ಮುಂದಕ್ಕೆ ತನ್ನಿ. ಕನ್ನಡಿ ಮುಂದೆ ನೇರವಾಗಿ ನಿಲ್ಲಿ, ತಲೆ ಯಾವ ಕಡೆಗೂ ವಾಲಬಾರದು. ಎರಡೂ ಪಾಲಿಗೆ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡ್ ಹಾಕಿ, ನಿಧಾನಕ್ಕೆ ಕೆಳಗೆ ಜಾರಿಸುತ್ತಾ ಕತ್ತರಿಸಬೇಕಾದ ಜಾಗಕ್ಕೆ ಸ್ವಲ್ಪ ಮೇಲೆ ನಿಲ್ಲಿಸಿ. ಎರಡೂ ಬ್ಯಾಂಡ್ ಒಂದೇ ಮಟ್ಟದಲ್ಲಿವೆಯಾ ಅಂತ ಅಂಗಿಯ ಗುಂಡಿಯನ್ನು ಗುರುತಾಗಿಟ್ಟುಕೊಂಡು ನೋಡಿ. ಆಮೇಲೆ ಬ್ಯಾಂಡಿನ ಕೆಳಗೆ, ಒಂದೇ ಸಲಕ್ಕೆ ಕಚಕ್ಕನೆ ಕತ್ತರಿಸದೆ, ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ಹೀಗೆ ಕತ್ತರಿಸಿದ ಕೂದಲು ಹಿಂದಕ್ಕೆ ಬಿಟ್ಟಾಗ ನಡುವೆ ಉದ್ದ, ಪಕ್ಕದಲ್ಲಿ ಗಿಡ್ಡವಾಗಿ ಬಾಗಿದ ಆಕಾರದಲ್ಲಿ ಬೀಳುತ್ತದೆ. ಹಿಂದಿನ ಕೂದಲು ಮುಂದಕ್ಕೆ ಬರಲು ಜಾಸ್ತಿ ದೂರ ಸುತ್ತಿ ಬಂದಿರುತ್ತದಲ್ಲ, ಅದಕ್ಕೆ. ಗೀಟು ಎಳೆದ ಹಾಗೆ ನೇರ ಬೇಕಿದ್ದರೆ ಬೇರೆಯವರಿಂದ ಹಿಂದೆ ನಿಂತು ಕತ್ತರಿಸಿಕೊಳ್ಳುವುದೇ ಒಳ್ಳೆಯದು. ಗುಂಗುರು ಕೂದಲಿನವರು ಎಳೆದು ನೇರ ಮಾಡಬೇಡಿ, ಸುರುಳಿ ಹೇಗೆ ಬೀಳುತ್ತದೋ ಹಾಗೇ ಬಿಟ್ಟು ಒಂದೊಂದೇ ಸುರುಳಿಯ ತುದಿ ಕತ್ತರಿಸಿ.

ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಅನ್ನುವುದು ನಿಜವಲ್ಲ. ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತಾಗುವುದಿಲ್ಲ. ಆದರೆ ಮುರಿಯುವುದು ನಿಂತಾಗ ಬೆಳೆದದ್ದು ಕೈಗೆ ಸಿಗುತ್ತದೆ. ಮೂರು ತಿಂಗಳಲ್ಲಿ 3.5 ಸೆಂಟಿಮೀಟರ್ ಬೆಳೆದು, ಅದರಲ್ಲಿ 1 ಸೆಂಟಿಮೀಟರ್ ತೆಗೆದರೂ ವರ್ಷಕ್ಕೆ 10 ಸೆಂಟಿಮೀಟರ್ ಉಳಿತಾಯ.

ಮೂರನೇ ಹಂತ: ತಲೆಸ್ನಾನ

ಕೂದಲು ಒದ್ದೆಯಾದಾಗ ನೀರು ಕುಡಿದು ಊದಿಕೊಳ್ಳುತ್ತದೆ. ಒಣಗಿದಾಗ ಕುಗ್ಗುತ್ತದೆ. ಊದಿದಾಗ ಹೆಂಚಿನಂಥ ಪೊರೆಗಳ ಅಂಚು ಎದ್ದು ನಿಲ್ಲುತ್ತದೆ. ಈ ಊದು-ಕುಗ್ಗು ನೂರಾರು ಸಲ ನಡೆದಾಗ ತುದಿ ಸವೆಯುವುದು ಸಹಜ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಒಳಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಹಿಂದಿನ ರಾತ್ರಿ ಅಥವಾ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ, ಕೂದಲಿನ ಕೆಳಗಿನ ಅರ್ಧಕ್ಕೆ ಹಚ್ಚಿ. ಸುರಿಯಬೇಡಿ. ಅಂಗೈಯಲ್ಲಿ ಒಂದು ಚಮಚ ಹಾಕಿ, ಎರಡೂ ಕೈಗೆ ಸವರಿಕೊಂಡು, ಜಡೆಯನ್ನು ಮೇಲಿಂದ ಕೆಳಕ್ಕೆ ಹಿಂಡಿದ ಹಾಗೆ ಸವರಿ. ಎಣ್ಣೆ ಜಾಸ್ತಿಯಾದರೆ ಅದನ್ನು ತೆಗೆಯಲು ಶಾಂಪೂ ಜಾಸ್ತಿ ಬೇಕು, ಅಲ್ವಾ? ಅಲ್ಲಿಗೆ ಲಾಭ ಎಲ್ಲ ಹೋಯಿತು.

ನೀರು ಹಾಕುವ ಮುಂಚೆಯೇ ಸಿಕ್ಕು ಬಿಡಿಸಿಕೊಳ್ಳಿ. ಉಗುರು ಬೆಚ್ಚಗಿನ ನೀರು ಸಾಕು. ಶಾಂಪೂವನ್ನು ಒಂದು ಲೋಟ ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ತಿಕ್ಕಿ. ಉಗುರು ತಾಗಿಸಬೇಡಿ. ಉದ್ದ ಕೂದಲನ್ನು ನೆತ್ತಿಯ ಮೇಲೆ ರಾಶಿ ಹಾಕಿ ಬಟ್ಟೆ ಒಗೆದ ಹಾಗೆ ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ನೆತ್ತಿಯಿಂದ ಇಳಿದು ಬರುವ ನೊರೆಯೇ ತುದಿಯನ್ನು ತೊಳೆಯಲು ಸಾಕು. ಮೈಗೆ ಹಚ್ಚುವ ಸಾಬೂನು ತಲೆಗೆ ಬೇಡ. ಕೂದಲಿಗೆ ಸ್ವಲ್ಪ ಆಮ್ಲೀಯ ಗುಣ ಹೊಂದುತ್ತದೆ, ಸಾಬೂನು ಕ್ಷಾರ. ಅದು ಪೊರೆಗಳನ್ನು ಎಬ್ಬಿಸುತ್ತದೆ. ಗಡಸು ನೀರಾದರೆ ಜೊತೆಗೆ ಅಂಟು ಅಂಟಾದ ಬಿಳಿ ಕೊಳೆಯೂ ಕೂರುತ್ತದೆ.

ಕಂಡೀಷನರ್ ಬಿಡಬೇಡಿ. ಶಾಂಪೂ ಹಾಕಿದಷ್ಟೂ ಸಲ ಅದು ಬೇಕು. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಕಂಡೀಷನರಿನಲ್ಲಿರುವ ಪದಾರ್ಥಗಳಲ್ಲಿ ಧನ ವಿದ್ಯುದಂಶ ಇರುತ್ತದೆ. ಹಾಗಾಗಿ ಎಲ್ಲಿ ಸವೆದಿದೆಯೋ ಅಲ್ಲೇ ಅದು ಹೋಗಿ ಹಿಡಿದುಕೊಳ್ಳುತ್ತದೆ. ಕೂದಲಿನ ನೀರು ಹಿಂಡಿ ತೆಗೆದು, ಕಿವಿಯಿಂದ ಕೆಳಗೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ. ಕಂಡೀಷನರ್ ಇರುವಾಗಲೇ ಬೆರಳಲ್ಲಿ ಸಿಕ್ಕು ಬಿಡಿಸುವುದು ತುಂಬಾ ಸುಲಭ. ನೀರು ಸುರಿಯುವಾಗ ಬುಡದಿಂದ ತುದಿಯ ಕಡೆಗೇ ಹರಿಯಲಿ.

ಟವೆಲ್‌ನಲ್ಲಿ ಗಸಗಸ ಉಜ್ಜುವುದಕ್ಕಿಂತ ದೊಡ್ಡ ಹಾನಿ ಮನೆಯಲ್ಲಿ ಬೇರೆ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಒದ್ದೆ ಕೂದಲು ಅತಿ ಮೃದು, ಟವೆಲ್ಲಿನ ಕುಣಿಕೆಗಳು ಅದಕ್ಕೆ ಅರದ ಹಾಗೆ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ ತೆಗೆದುಕೊಂಡು ಸುತ್ತಿ, ಮೇಲಿಂದ ಕೆಳಕ್ಕೆ ಒತ್ತಿ ಒತ್ತಿ ನೀರು ತೆಗೆಯಿರಿ. ಹಾಗೇ ಹತ್ತು ನಿಮಿಷ ಬಿಡಿ. ಆದರೆ ಗಂಟೆಗಟ್ಟಲೆ ಒದ್ದೆ ಬಟ್ಟೆ ಸುತ್ತಿಕೊಂಡಿರಬೇಡಿ.

ನಾಲ್ಕನೇ ಹಂತ: ಸಿಕ್ಕು ಬಿಡಿಸುವುದು

ಮೇಲಿಂದ ಒಂದೇ ಸಲ ಬಾಚಣಿಗೆ ಎಳೆದರೆ ನಡುವಿನ ಸಣ್ಣ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಬಂದು ಒಂದೇ ಗಂಟಾಗುತ್ತವೆ. ಆಮೇಲೆ ಅದನ್ನು ಜಗ್ಗಿದಾಗ ಕೇಳುವ ಚಟ್ ಚಟ್ ಸದ್ದು ಕೂದಲು ಮುರಿಯುವ ಸದ್ದೇ.

ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಶುರು ಮಾಡಿ. ಕೊನೆಯ ಹತ್ತು ಸೆಂಟಿಮೀಟರ್ ಸರಾಗವಾದ ಮೇಲೆ ಅದರ ಮೇಲಿನ ಹತ್ತು, ಹೀಗೆ ಮೇಲೆ ಹೋಗಿ. ಇನ್ನೊಂದು ಕೈಯಲ್ಲಿ ಗಂಟಿನ ಮೇಲೆ ಕುಚ್ಚನ್ನು ಗಟ್ಟಿಯಾಗಿ ಹಿಡಿದಿರಿ, ಆಗ ಬುಡಕ್ಕೆ ಎಳೆತ ತಾಗುವುದಿಲ್ಲ. ಗಂಟು ಬಿಡಲೇ ಇಲ್ಲವೇ? ಒಂದು ತೊಟ್ಟು ಎಣ್ಣೆ ಅಥವಾ ಕಂಡೀಷನರ್ ಸವರಿ, ಬಾಚಣಿಗೆಯ ಒಂದೇ ಹಲ್ಲಿನಿಂದ ಒಂದೊಂದು ಎಳೆಯನ್ನು ಪಕ್ಕಕ್ಕೆ ಎತ್ತಿ ಬಿಡಿಸಿ. ಗಂಟನ್ನು ಕೆಳಕ್ಕೆ ಎಳೆಯುವ ಬದಲು ಅಗಲಕ್ಕೆ ಸಡಿಲಿಸಿದರೆ ಬೇಗ ಬಿಡುತ್ತದೆ.

ನೇರ ಅಥವಾ ಅಲೆಅಲೆ ಕೂದಲಿನವರು ಮುಕ್ಕಾಲು ಭಾಗ ಒಣಗುವವರೆಗೂ ಕಾಯಿರಿ. ಒದ್ದೆ ಕೂದಲು ರಬ್ಬರಿನ ಹಾಗೆ ಹಿಗ್ಗುತ್ತದೆ, ಮಿತಿ ದಾಟಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಗುಂಗುರು ಕೂದಲಿಗೆ ಮಾತ್ರ ಈ ಮಾತು ತಿರುವುಮುರುವು. ಅದನ್ನು ಒಣಗಿದ ಮೇಲೆ ಬಾಚಿದರೆ ಜಾಸ್ತಿ ಮುರಿಯುತ್ತದೆ. ಹಾಗಾಗಿ ಕಂಡೀಷನರ್ ಇರುವಾಗಲೇ ಬಾಚಿ ಮುಗಿಸಿ.

ನಿಮ್ಮ ಬಾಚಣಿಗೆಯ ಹಲ್ಲುಗಳ ನಡುವೆ ಬೆರಳು ಆಡಿಸಿ ನೋಡಿ. ಅಚ್ಚಿನಿಂದ ತೆಗೆದ ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಹಲ್ಲಿನ ಉದ್ದಕ್ಕೂ ಚೂಪಾದ ಗೀರು ಇರುತ್ತದೆ. ಅದು ಪ್ರತಿ ದಿನ ಕೂದಲನ್ನು ಕೆರೆಯುತ್ತದೆ. ಉಜ್ಜಿ ನುಣುಪು ಮಾಡಿದ ಮರದ ಬಾಚಣಿಗೆ ಒಳ್ಳೆಯದು.

ಒಣಗಿಸುವುದು, ಬಿಸಿ

ಹೇರ್ ಡ್ರೈಯರ್ ಬಳಸಲೇಬಾರದು ಅಂತೇನೂ ಇಲ್ಲ. ತಲೆಯಿಂದ 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಕೈ ಆಡಿಸುತ್ತಾ, ಕಡಿಮೆ ಬಿಸಿಯಲ್ಲಿ ಒಣಗಿಸಿ. ಸ್ಟ್ರೇಟ್ನರ್ ವಿಷಯ ಬೇರೆ. ಒದ್ದೆ ಕೂದಲಿಗೆ ಬಿಸಿ ಪಟ್ಟಿ ಒತ್ತಿದರೆ ಒಳಗಿನ ನೀರು ಆವಿಯಾಗಿ, ಕೂದಲಿನೊಳಗೇ ಗುಳ್ಳೆ ಎಬ್ಬಿಸುತ್ತದೆ. ಆ ಗುಳ್ಳೆ ಇರುವ ಜಾಗದಲ್ಲಿ ಕೂದಲು ಮುರಿದೇ ಮುರಿಯುತ್ತದೆ. ಬಳಸಲೇಬೇಕಾದ ದಿನ ಪೂರ್ತಿ ಒಣಗಿದ ಕೂದಲಿಗೆ, ಬಿಸಿಯಿಂದ ಕಾಪಾಡುವ ಸ್ಪ್ರೇ ಹಾಕಿ, ಒಂದು ಕುಚ್ಚಿಗೆ ಒಂದೇ ಸಲ ಎಳೆಯಿರಿ. ನಾನಂತೂ 150 ಡಿಗ್ರಿ ದಾಟಿಸುವುದಿಲ್ಲ.

ಬ್ಲೀಚ್ ಮಾಡಿದ ಕೂದಲಿನ ಮೇಲಿರುವ ತೆಳ್ಳನೆಯ ಕೊಬ್ಬಿನ ಪದರ ಹೋಗಿಬಿಡುತ್ತದೆ. ಅಂಥ ಕೂದಲನ್ನು ಉದ್ದ ಬೆಳೆಸುವುದು ಕಷ್ಟ. ಬಣ್ಣ ಬೇಕೇ ಬೇಕು ಅಂದರೆ ಪ್ರತಿ ಸಲ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿ. ಈಜುವವರು ಕೊಳಕ್ಕೆ ಇಳಿಯುವ ಮುಂಚೆ ಶುದ್ಧ ನೀರಿನಲ್ಲಿ ಕೂದಲು ನೆನೆಸಿಕೊಳ್ಳಿ. ಆಗಲೇ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಕುಡಿಯುತ್ತದೆ.

ಕಟ್ಟುವುದು, ಮಲಗುವುದು

ಬಿಚ್ಚಿದ ಉದ್ದ ಕೂದಲು ಇಡೀ ದಿನ ಭುಜ, ಚೀಲದ ಪಟ್ಟಿ, ಕುರ್ಚಿಯ ಬೆನ್ನು ಇವಕ್ಕೆಲ್ಲ ಉಜ್ಜುತ್ತಲೇ ಇರುತ್ತದೆ. ನನ್ನ ಜಡೆಯ ಬಲಭಾಗದಲ್ಲೇ ಯಾಕೆ ಸೀಳು ಜಾಸ್ತಿ ಅಂತ ಎಷ್ಟೋ ದಿನ ನನಗೆ ಹೊಳೆದಿರಲಿಲ್ಲ. ಬಲಭುಜಕ್ಕೇ ಚೀಲ ಹಾಕುತ್ತಿದ್ದೆ. ಪಟ್ಟಿಯ ಅಡಿಯಲ್ಲಿ ಕೂದಲು ಸಿಕ್ಕಿ, ತಿರುಗಿದಾಗಲೆಲ್ಲ ಜಗ್ಗುತ್ತಿತ್ತು. ನಿಮ್ಮ ಸೀಳುಗಳು ಎಲ್ಲಿ ಗುಂಪಾಗಿವೆ ಅಂತ ನೋಡಿ. ಒಂದೇ ಎತ್ತರದಲ್ಲಿ ಮುರಿದಿದ್ದರೆ ದಿನವೂ ಅಲ್ಲೇ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದೀರಿ ಎಂದರ್ಥ. ಮೇಲ್ಪದರದಲ್ಲಿ ಮಾತ್ರ ಇದ್ದರೆ ಬಿಸಿಲು ಅಥವಾ ಡ್ರೈಯರ್ ಕಾರಣ ಇರಬಹುದು. ಒಂದೇ ಪಕ್ಕ ಇದ್ದರೆ ಚೀಲ, ಇಲ್ಲವೇ ನೀವು ಮಲಗುವ ಮಗ್ಗುಲು.

ಹೊರಗೆ ಹೋಗುವಾಗ ಸಡಿಲ ಜಡೆ ಅಥವಾ ತುದಿ ಒಳಗೆ ಸೇರುವಂಥ ತುರುಬು ಕಟ್ಟಿ. ಬರೀ ರಬ್ಬರಿನ ಬ್ಯಾಂಡು, ಲೋಹದ ಬೆಸುಗೆ ಇರುವ ಬ್ಯಾಂಡು ಬೇಡ, ಬಟ್ಟೆ ಸುತ್ತಿದ್ದು ಇರಲಿ. ಕಟ್ಟುವ ಜಾಗವನ್ನು ಆಗಾಗ ಬದಲಾಯಿಸಿ. ಹಣೆ ನೋಯುವಷ್ಟು ಬಿಗಿ ಕಟ್ಟಿದರೆ ಬುಡವೇ ಕಿತ್ತು ಬರುತ್ತದೆ. ಮಲಗುವಾಗ ಸಡಿಲ ಜಡೆ ಹಾಕಿ ದಿಂಬಿನ ಮೇಲಕ್ಕೆ ಬಿಡಿ. ರೇಷ್ಮೆ ಅಥವಾ ಸ್ಯಾಟಿನ್ ದಿಂಬಿನ ಕವರು ಹತ್ತಿಗಿಂತ ಜಾರು, ಉಜ್ಜುವುದು ಕಡಿಮೆ. ಒದ್ದೆ ತಲೆಯಲ್ಲಿ ಮಲಗಬೇಡಿ.

ಸೀಳು ಅಂಟಿಸುವ ಸೀರಮ್‌ಗಳು

ಇವು ಸುಳ್ಳು ಅಂತ ನಾನು ಹೇಳುವುದಿಲ್ಲ. ಸಿಲಿಕೋನ್ ಇರುವ ಸೀರಮ್ ತುದಿಯ ಮೇಲೆ ತೆಳ್ಳನೆ ಪದರ ಕಟ್ಟಿ ಕವಲುಗಳನ್ನು ತಾತ್ಕಾಲಿಕವಾಗಿ ಒಟ್ಟಿಗೆ ಹಿಡಿಯುತ್ತದೆ, ಉಜ್ಜುವಿಕೆಯನ್ನೂ ಕಡಿಮೆ ಮಾಡುತ್ತದೆ. ಒಂದೆರಡು ಸ್ನಾನಕ್ಕೆ ಬಿಟ್ಟುಹೋಗುತ್ತದೆ. ಕತ್ತರಿಸಿ ಆದ ಮೇಲೆ ಉಳಿದ ತುದಿಗೆ ರಕ್ಷಣೆಯಾಗಿ ಎರಡು ಹನಿ ಹಚ್ಚಿಕೊಳ್ಳುವುದು ಒಳ್ಳೆಯದೇ. ಕತ್ತರಿಸುವ ಬದಲಿಗೆ ಹಚ್ಚಿದರೆ ಸೀಳು ಮರೆಯಾಗಿರುತ್ತದೆ, ಮೇಲಕ್ಕೆ ಹತ್ತುತ್ತಲೇ ಇರುತ್ತದೆ. ಇನ್ನು ಸೀಳಿದ ತುದಿಯನ್ನು ಬೆಂಕಿಯಲ್ಲಿ ಸುಡುವುದು ಅಂತ ಒಂದಿದೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಸುಟ್ಟ ತುದಿ ಇನ್ನಷ್ಟು ಪೆಡಸಾಗುತ್ತದೆ, ಅಪಾಯ ಬೇರೆ.

ಇಷ್ಟೆಲ್ಲ ಮಾಡಿಯೂ ನಾಲ್ಕೈದು ತಿಂಗಳಲ್ಲಿ ಮುರಿಯುವುದು ಕಡಿಮೆಯಾಗದಿದ್ದರೆ, ಬುಡದ ಹತ್ತಿರವೇ ಕೂದಲು ತುಂಡಾಗುತ್ತಿದ್ದರೆ, ಇದ್ದಕ್ಕಿದ್ದಂತೆ ಜಾಸ್ತಿ ಉದುರಿದರೆ, ನೆತ್ತಿಯಲ್ಲಿ ದುಂಡನೆ ಬೋಳು ಜಾಗ ಕಂಡರೆ ಚರ್ಮದ ವೈದ್ಯರನ್ನು ನೋಡಿ. ಥೈರಾಯ್ಡ್ ತೊಂದರೆ, ಕಬ್ಬಿಣದಂಶದ ಕೊರತೆ ಇವು ಕೂದಲಿನಲ್ಲಿ ಕಾಣಿಸಿಕೊಳ್ಳುವುದುಂಟು. ಅದಕ್ಕೆ ಕತ್ತರಿ, ಎಣ್ಣೆ ಮದ್ದಲ್ಲ.

ತುಂಬಾ ಹಾಳಾಗಿದ್ದರೆ ಒಂದೇ ಸಲ ಕತ್ತರಿಸಬೇಕಾ?

ಈ ಪ್ರಶ್ನೆ ಬಂದಾಗ ಕಣ್ಣಲ್ಲಿ ನೀರು ತುಂಬಿಕೊಂಡವರನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಬೆಳೆಸಿದ ಕೂದಲು, ಸಂಕಟ ಆಗುತ್ತದೆ. ತುದಿಯ 12 ಸೆಂಟಿಮೀಟರ್ ಹಾಳಾಗಿದೆ ಅಂದುಕೊಳ್ಳೋಣ. ಮನಸ್ಸು ಗಟ್ಟಿ ಇದ್ದರೆ ಒಂದೇ ಸಲ ತೆಗೆಯಿರಿ, ಬಾಚುವ ಕೆಲಸ ಮಾರನೇ ದಿನದಿಂದಲೇ ಹಗುರಾಗುತ್ತದೆ. ಮನಸ್ಸು ಬಾರದಿದ್ದರೆ ಮೂರು ತಿಂಗಳಿಗೊಮ್ಮೆ 2.5 ಸೆಂಟಿಮೀಟರ್ ತೆಗೆಯಿರಿ. ನಡುವಿನ ತಿಂಗಳುಗಳಲ್ಲಿ, ಸೀಳು ಮೇಲಕ್ಕೆ ಹತ್ತದ ಹಾಗೆ, ಒಂದೊಂದೇ ಹುಡುಕಿ ಕತ್ತರಿಸುತ್ತಿರಿ. ಐದು ಸಲಕ್ಕೆ, ಅಂದರೆ 15 ತಿಂಗಳಿಗೆ, ಹಾಳಾದದ್ದು ಪೂರ್ತಿ ಹೋಗುತ್ತದೆ. ಅಷ್ಟರಲ್ಲಿ ಬುಡದಲ್ಲಿ 17 ಸೆಂಟಿಮೀಟರ್‌ನಷ್ಟು ಹೊಸದು ಬೆಳೆದಿರುತ್ತದೆ. ಟೇಪು ಹಿಡಿದು ಅಳೆದರೆ ಜಡೆ ಇವತ್ತಿಗಿಂತ ನಾಲ್ಕೈದು ಸೆಂಟಿಮೀಟರ್ ಉದ್ದವೇ ಇರುತ್ತದೆ.